ಒಂದು ಕಾಗದಕ್ಕೆ ಒಂದೇ ಪ್ರಶ್ನೆ

ಆಫುಲಾ
2 ನವೆಂಬರ್ 1997, ಭಾನುವಾರ

ವಿಸಾಲ್ ಟೀಚರ್ ಅವರಿಗೆ,

ಈ ಕಾಗದ ನಿಮಗೆ ತಲುಪುತ್ತದೋ ಇಲ್ಲವೋ ಗೊತ್ತಿಲ್ಲ. ನೀವು ಬರೆದುಕೊಟ್ಟ ವಿಳಾಸದಲ್ಲಿ ಬೀದಿಯ ಹೆಸರಿಲ್ಲ, ಮನೆಯ ನಂಬರಿಲ್ಲ. ‘ಕಫರ್ ಜೈತ್, ಹಳೇ ಎಣ್ಣೆ ಗಾಣದ ಎದುರು’ ಎಂದಷ್ಟೇ ಇದೆ. ಅಂಚೆಯವನಿಗೆ ಗಾಣ ಗೊತ್ತಿರಬೇಕಲ್ಲ. ಒಂದು ಸ್ಟಾಂಪ್ ಸಾಕಾಗದಿದ್ದರೆ ಎಂದು ಎರಡು ಹಚ್ಚಿದ್ದೇನೆ.

ನಾನು ಮಜಾಲ್. ಕಳೆದ ಸೋಮವಾರ ಸಭೆಯಲ್ಲಿ ನಿಮ್ಮ ಪಕ್ಕ ಕೂತಿದ್ದ ಕಂದು ಸ್ವೆಟರಿನವಳು. ಸಭೆ ನಡೆಸಿದ ಗೀಲಾ ಅವರು ಚೀಟಿ ಎತ್ತಿ, ನಮ್ಮ ಯೆಹೂದಿ ಶಿಶುವಿಹಾರಗಳಿಂದ ಒಬ್ಬಳು, ನಿಮ್ಮ ಮುಸ್ಲಿಂ ಶಿಶುವಿಹಾರಗಳಿಂದ ಒಬ್ಬಳು ಎಂದು ಜೋಡಿ ಮಾಡಿದಾಗ ಉಳಿದವರಿಗೆಲ್ಲ ಟೀಚರಿಗೆ ಟೀಚರ್ ಸಿಕ್ಕಿದರು. ನಿಮಗೆ ಮಾತ್ರ ಆಯಾ ಸಿಕ್ಕಳು. ನಿಮ್ಮ ಬಗ್ಗೆ ನನಗೇ ಪಾಪ ಅನಿಸಿತು. ಬಾಗ್ದಾದಿನಿಂದ ಬಂದಾಗ ನನಗೆ ಆರು ವರ್ಷ. ವಲಸೆ ಬಂದವರ ಡೇರೆಯಲ್ಲೇ ಶಾಲೆ. ಆರನೇ ಕ್ಲಾಸಿಗೆ ಬಿಡಿಸಿದರು, ನನಗಿಂತ ಚಿಕ್ಕವರು ನಾಲ್ಕು ಜನ ಇದ್ದರು, ಯಾರಾದರೂ ನೋಡಿಕೊಳ್ಳಬೇಕಿತ್ತು. ಹಾಗಾಗಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ನಿಮ್ಮ ಅರಬ್ಬಿ ಭಾಷೆ ನನ್ನ ಬಾಯಲ್ಲಿದೆ, ಕೈಯಲ್ಲಿಲ್ಲ. ನೀವೇ ನಮ್ಮ ಹೀಬ್ರೂ ನನಗಿಂತ ಚೆನ್ನಾಗಿ ಬರೆಯುತ್ತೀರಿ.

ಗೀಲಾ ಹೇಳಿದ ನಿಯಮ ನಿಮಗೂ ನೆನಪಿರಬಹುದು. ಒಂದು ಕಾಗದಕ್ಕೆ ಒಂದೇ ಪ್ರಶ್ನೆ. ಅದೂ ಇಷ್ಟು ವರ್ಷ ಕೇಳಲು ಬಾಯಿ ಬಾರದೆ ಉಳಿದದ್ದು. ಉತ್ತರ ಪುಸ್ತಕದಿಂದ ಬರಬಾರದು, ಮನೆಯಿಂದ ಬರಬೇಕು. ವಸಂತದವರೆಗೆ ಕಾಗದ ನಿಲ್ಲದಿದ್ದರೆ ಮಾರ್ಚ್ ಮೂವತ್ತೊಂದಕ್ಕೆ ನಮ್ಮ ಇಪ್ಪತ್ತನಾಲ್ಕು ಮಕ್ಕಳು ನಿಮ್ಮ ಶಿಶುವಿಹಾರದ ಅಂಗಳಕ್ಕೆ ಆಡಲು ಬರುತ್ತಾರೆ. ನಿಂತರೆ ನಮ್ಮ ಎರಡು ಶಾಲೆಗಳ ಹೆಸರು ಪಟ್ಟಿಯಿಂದ ಹೊರಗೆ. ನನ್ನಿಂದಾಗಿ ಮಕ್ಕಳಿಗೆ ತಪ್ಪಿಹೋದರೆ ಏನು ಗತಿ ಎಂಬ ಯೋಚನೆ ಅಂದಿನಿಂದ ಹತ್ತಿದೆ.

ಪ್ರಶ್ನೆ: ನಾನು ಮಾಡಿ ತಂದ ಖರ್ಜೂರದ ಬಿಸ್ಕತ್ತನ್ನು ನೀವು ತಿನ್ನಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿರಿ. ನಾನು ನೋಡಿದೆ. ಅದರಲ್ಲಿ ಏನಾದರೂ ಇರಬಹುದೆಂದು ಅನುಮಾನವೇ?

ಕೇಳಬಾರದಿತ್ತೇನೋ. ಆದರೂ ಬರೆದಾಯಿತು, ಪೆನ್ನಿನಲ್ಲಿ.

ಮಜಾಲ್


ಕಫರ್ ಜೈತ್
11 ನವೆಂಬರ್ 1997

ಪ್ರಿಯ ಉಮ್ಮ್ ಶಿಮೋನ್,

ಮಗನ ಹೆಸರು ಶಿಮೋನ್ ಎಂದು ಸಭೆಯಲ್ಲಿ ಹೇಳಿದ್ದಿರಿ. ನಮ್ಮಲ್ಲಿ ತಾಯಿಯನ್ನು ದೊಡ್ಡ ಮಗನ ಹೆಸರಿನಿಂದ ಕರೆಯುವುದು ಮರ್ಯಾದೆ. ಬೇಡವಾದರೆ ತಿಳಿಸಿ.

ಅನುಮಾನ ಅಲ್ಲ. ಅಂದು ನನಗೆ ಉಪವಾಸ. ಹೋದ ರಮಜಾನಿನಲ್ಲಿ ಬಿಟ್ಟುಹೋದ ದಿನಗಳನ್ನು ಸೋಮವಾರಗಳಲ್ಲಿ ತೀರಿಸುತ್ತಿದ್ದೇನೆ. ಎಲ್ಲರೆದುರು ಹೇಳಿದರೆ ತೋರಿಸಿಕೊಂಡಂತೆ ಆಗುತ್ತದೆ ಎಂದು ಸುಮ್ಮನಿದ್ದೆ. ಬಿಸ್ಕತ್ತನ್ನು ಅಮ್ಮನಿಗೆ ಕೊಟ್ಟೆ. ಹಲ್ಲಿಲ್ಲದ ಬಾಯಲ್ಲಿ ಅರ್ಧ ಗಂಟೆ ಚಪ್ಪರಿಸಿ, “ಇದು ಅಂಗಡೀದಲ್ಲ. ಯಾರ ಕೈದು ಇದು? ಅವಳನ್ನ ಕರ್ಕೊಂಡ್ ಬಾ, ನಾನು ನೋಡ್ಬೇಕು” ಎಂದಳು. “ಯೆಹೂದಿ ಹೆಂಗಸು ಅಮ್ಮಾ, ಆಫುಲಾದವಳು” ಎಂದೆ. “ಕೈ ಯಾರ್ದು ಅಂತ ಕೇಳ್ದೆ, ಜಾತಿ ಕೇಳ್ಲಿಲ್ಲ” ಎಂದಳು.

ಮದುವೆಯಾಗದ ಮಗಳು ನಾನು. ಅಮ್ಮ, ಅಣ್ಣ, ಅತ್ತಿಗೆ ಸುಭಿಯ್ಯಾ ಎಲ್ಲ ಒಂದೇ ಮನೆಯಲ್ಲಿದ್ದೇವೆ. ಗಾಣ ಎಲ್ಲರಿಗೂ ಗೊತ್ತು, ಒಂದೇ ಸ್ಟಾಂಪ್ ಸಾಕು.

ಪ್ರಶ್ನೆ: ಸಭೆಯ ದಿನ ನಿಮ್ಮ ಶಿಶುವಿಹಾರದ ಅಡುಗೆಮನೆಯಲ್ಲಿ ಗೀಲಾರ ಮೊಸರು ಕಲಕಲು ಕೆಂಪು ಹಿಡಿಯ ಚಮಚ ತೆಗೆದುಕೊಂಡೆ. ನೀವು ನನ್ನ ಕೈಯಿಂದ ಕಸಿದುಕೊಂಡಿರಿ, ಮುಖ ಬಿಳಿಚಿತ್ತು. ನಾನು ಮುಟ್ಟಿದ್ದರಿಂದಲೇ?

ವಿಸಾಲ್


ಆಫುಲಾ
30 ನವೆಂಬರ್ 1997

ವಿಸಾಲ್, ನನ್ನ ಕಣ್ಣೇ,

ಇನ್ನು ‘ನೀವು’ ಬರೆಯಲಾರೆ. ಉಮ್ಮ್ ಶಿಮೋನ್ ಎಂದು ಓದಿದ ಮೇಲೆ ಆಗುವುದಿಲ್ಲ. ನನ್ನ ತಾಯಿಯನ್ನು ಬಾಗ್ದಾದಿನ ನೆರೆಯವರು ಉಮ್ಮ್ ಸಲೀಮ್ ಎನ್ನುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಅವಳು ಬರೀ ಒಂದು ನಂಬರು, ಆಮೇಲೆ ಬರೀ ‘ಅಜ್ಜಿ’. ನಲವತ್ತಾರು ವರ್ಷದ ಮೇಲೆ ಆ ಥರ ಒಂದು ಕರೆ ನಮ್ಮ ಮನೆಗೆ ಬಂತು. ಶಿಮೋನನಿಗೆ ತೋರಿಸಿದೆ. ಬಸ್ ಓಡಿಸುತ್ತಾನೆ, ಬಾಯಿ ಜೋರು. “ಸರಿ, ನನ್ನ ಹೆಸರು ಈಗ ಅರಬ್ ಹಳ್ಳೀಲೂ ಫೇಮಸ್ಸು” ಎಂದು ನಕ್ಕ.

ಚಮಚದ ವಿಷಯ. ಅಯ್ಯೋ, ನೀನು ಮುಟ್ಟಿದ್ದಕ್ಕಲ್ಲ. ಕೆಂಪು ಹಿಡಿ ಮಾಂಸಕ್ಕೆ, ನೀಲಿ ಹಿಡಿ ಹಾಲು ಮೊಸರಿಗೆ. ಎರಡೂ ಸೇರಬಾರದು, ನಮ್ಮಲ್ಲಿ ಪಾತ್ರೆ, ಚಮಚ, ಒರೆಸುವ ಬಟ್ಟೆ ಎಲ್ಲ ಬೇರೆ. ಕೆಂಪು ಚಮಚ ಮೊಸರಿಗೆ ಹೋದರೆ ಚಮಚ ಕೆಟ್ಟಿತು. ನಾನು ಕಸಿಯುವಷ್ಟರಲ್ಲಿ ಅದು ಮುಳುಗಿಯೇ ಬಿಟ್ಟಿತ್ತು. ನೀವೆಲ್ಲ ಹೋದ ಮೇಲೆ ಅದನ್ನು ಜಿರೇನಿಯಂ ಕುಂಡದ ಮಣ್ಣಿಗೆ ಚುಚ್ಚಿಟ್ಟೆ. ಹಾಗೆ ಮಾಡಿದರೆ ಶುದ್ಧ ಆಗುತ್ತದೆ ಎಂದು ನನ್ನ ತಾಯಿ ಹೇಳುತ್ತಿದ್ದಳು. ತಿಳಿದವರು ಅದೆಲ್ಲ ಸುಳ್ಳು ಅನ್ನುತ್ತಾರೆ. ಇನ್ನೂ ಕುಂಡದಲ್ಲೇ ಇದೆ. ಮಕ್ಕಳು ಚಮಚದ ಗಿಡ ಎಂದು ದಿನಾ ನೀರು ಹಾಕುತ್ತಾರೆ.

ಆ ಬಿಳಿಚಿದ ಮುಖ ನಿನಗೆ ಏನೆಂದು ಕಂಡಿರಬಹುದು ಎಂದು ಈಗ ಹೊಳೆಯುತ್ತಿದೆ. ಒಂದು ತಿಂಗಳು ಹಾಗೆಂದುಕೊಂಡೇ ಇದ್ದೆಯಲ್ಲ.

ಪ್ರಶ್ನೆ: ರಮಜಾನ್ ಬರುತ್ತಿದೆ. ಸೂರ್ಯ ಹುಟ್ಟುವ ಮೊದಲು ಎದ್ದು ತಿನ್ನಬೇಕಂತೆ. ಎಚ್ಚರವಾಗದೆ ಹೋದರೆ? ನನಗಾಗಿದ್ದರೆ ತಿಂಗಳಿಡೀ ಆ ಹೆದರಿಕೆಗೇ ನಿದ್ದೆ ಬರುತ್ತಿರಲಿಲ್ಲ.

ಮಜಾಲ್


ಕಫರ್ ಜೈತ್
8 ಜನವರಿ 1998

ಪ್ರಿಯ ಉಮ್ಮ್ ಶಿಮೋನ್,

ತಡವಾಯಿತು. ಅಮ್ಮನಿಗೆ ಎದೆಯಲ್ಲಿ ನೀರು ತುಂಬಿ ಎರಡು ವಾರ ಆಸ್ಪತ್ರೆ. ಈಗ ಮನೆಯಲ್ಲಿದ್ದಾಳೆ. ಕಾಗದ ಓದಿ ಹೇಳಿದೆ. ಚಮಚದ ಗಿಡಕ್ಕೆ ನಕ್ಕು ನಕ್ಕು ಕೆಮ್ಮು ಬಂತು, ಅತ್ತಿಗೆ ನನ್ನನ್ನು ಬೈದಳು.

ಎಚ್ಚರವಾಗದಿದ್ದರೆ ಹಸಿದುಕೊಂಡೇ ಉಪವಾಸ, ಅಷ್ಟೇ. ಆದರೆ ನಮ್ಮ ಊರಿನಲ್ಲಿ ಅದು ಸಾಧ್ಯವಿಲ್ಲ. ಡೋಲು ಬಡಿಯುವ ಅಬೂ ರಾಜಿ ನಮ್ಮ ಎದುರು ಮನೆಯವನೇ. ಮುದುಕನಿಗೆ ಅರ್ಧ ಕಿವುಡು, ತನ್ನ ಕಿವಿಗೆ ಕೇಳುವಷ್ಟು ಜೋರಾಗಿ ಬಡಿಯುತ್ತಾನೆ. ಸತ್ತವರೂ ಎದ್ದು ಊಟಕ್ಕೆ ಕೂರಬೇಕು ಎಂದು ಅಣ್ಣ ಹೇಳುತ್ತಾನೆ.

ಅಮ್ಮ ದಿನಾ ಕೇಳುತ್ತಾಳೆ, “ಬಿಸ್ಕತ್ತಿನವಳು ಯಾವಾಗ ಬರ್ತಾಳೆ?” ಹಬ್ಬ ಮುಗಿದ ಮೇಲೆ ಬನ್ನಿ. ಆಫುಲಾದಿಂದ ನೇರ ಬಸ್ಸಿಲ್ಲ. ಜಂಕ್ಷನ್‌ನಲ್ಲಿ ಇಳಿದು ಮೂರು ಕಿಲೋಮೀಟರ್. ನಾನು ಅಣ್ಣನ ಕಾರು ಕಳಿಸುತ್ತೇನೆ.

ಪ್ರಶ್ನೆ: ಶನಿವಾರ ನೀವು ಫ್ರಿಜ್ಜಿನ ಬಲ್ಬ್ ಬಿಚ್ಚಿಡುತ್ತೀರಂತೆ. ನಿಜವೇ? ಹೌದಾದರೆ ಏಕೆ? ಈ ಪ್ರಶ್ನೆ ಅಮ್ಮನದು. ನಾನು ಬರೆದುಕೊಟ್ಟೆ.

ವಿಸಾಲ್


ಆಫುಲಾ
25 ಜನವರಿ 1998

ನನ್ನ ಕಣ್ಣೇ,

ಅಮ್ಮನಿಗೆ ಹೇಳು, ನಿಜ. ಶನಿವಾರ ನಮ್ಮ ಸಬ್ಬತ್, ಆ ದಿನ ಬೆಂಕಿ ಹಚ್ಚಬಾರದು, ದೀಪವೂ ಬೆಂಕಿಯೇ. ಫ್ರಿಜ್ ತೆಗೆದರೆ ದೀಪ ಹತ್ತುತ್ತದೆ, ಆದ್ದರಿಂದ ಶುಕ್ರವಾರ ಸಂಜೆ ಸೂರ್ಯ ಮುಳುಗುವ ಮೊದಲು ಬಲ್ಬ್ ತಿರುಗಿಸಿ ಸಡಿಲ ಮಾಡುತ್ತೇನೆ. ಮಾಡಿದೆನೋ ಇಲ್ಲವೋ ಎಂಬ ಅನುಮಾನ ಮಾತ್ರ ಶನಿವಾರ ಪೂರ್ತಿ ಇರುತ್ತದೆ. ತೆಗೆದು ನೋಡೋಣ ಎಂದರೆ, ಬಿಚ್ಚದೇ ಇದ್ದಿದ್ದರೆ? ತೆಗೆಯದಿದ್ದರೆ ಊಟವೇನು? ಶಿಮೋನ್ ಇದ್ಯಾವುದನ್ನೂ ಪಾಲಿಸುವುದಿಲ್ಲ. “ಅಮ್ಮಾ, ನೀನು ಆ ಕಡೆ ತಿರುಗು” ಎಂದು ತೆಗೆದು ನನ್ನ ಪಾಲಿನದನ್ನು ಹೊರಗಿಡುತ್ತಾನೆ.

ಈಗ ಒಂದು ಮುಖ್ಯ ಮಾತು. ಪೋಷಕರ ಸಮಿತಿಯ ಜೆಹಾವಾ ನನ್ನನ್ನು ನಿಲ್ಲಿಸಿ ಕೇಳಿದಳು. “ಮಜಾಲ್, ನಿನ್ನ ಕೈಗೆ ಮಗು ಕೊಟ್ಟು ನಾನು ಕೆಲಸಕ್ಕೆ ಹೋಗ್ತೀನಿ, ನಿನ್ನನ್ನ ನಂಬ್ತೀನಿ. ಆ ಊರಿಗೆ ನೀನು ಒಂದ್ಸಲನಾದ್ರೂ ಹೋಗಿದ್ದೀಯಾ? ಅವರ ಮನೆ ಬಾಗಿಲು ದಾಟಿದ್ದೀಯಾ?” ಇಲ್ಲ ಎಂದೆ. “ಹೋಗ್ಬಂದು ಹೇಳು. ಆಮೇಲೆ ಮಕ್ಕಳನ್ನ ಕಳ್ಸೋಕೆ ಒಪ್ಪಿಗೆ ಚೀಟಿಗೆ ಸಹಿ ಹಾಕ್ತೀವಿ.” ಫೆಬ್ರವರಿ ಹದಿನೇಳಕ್ಕೆ ಪೋಷಕರ ಸಭೆ. ಅದರೊಳಗೆ ನಿನ್ನ ಮನೆಗೆ ಬಂದಿರಬೇಕು. ಬಂದು ಅಮ್ಮನ ಮುಂದೆ ಕೂತುಕೊಳ್ಳಬೇಕು.

ಪ್ರಶ್ನೆ: ಮೊದಲ ಸಲ ಬರುವವಳು ನಿಮ್ಮಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು? ನಗಬೇಡ, ಇಂಥದ್ದರಲ್ಲೇ ನಾನು ತಪ್ಪುವುದು.

ಮಜಾಲ್


ಕಫರ್ ಜೈತ್
8 ಫೆಬ್ರವರಿ 1998, ಭಾನುವಾರ

ಉಮ್ಮ್ ಶಿಮೋನ್,

ಬೆಳಿಗ್ಗೆ ಅಮ್ಮ ತೀರಿಕೊಂಡಳು. ಮಧ್ಯಾಹ್ನ ಮಣ್ಣು ಮಾಡುತ್ತೇವೆ. ಅಣ್ಣನ ಸ್ನೇಹಿತ ಆಫುಲಾ ಕಡೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಮನೆ ತೆರೆದಿದೆ. ಬನ್ನಿ.

ವಿಸಾಲ್


ಆಫುಲಾ
15 ಫೆಬ್ರವರಿ 1998

ವಿಸಾಲ್ ಟೀಚರ್ ಅವರಿಗೆ,

ನಿಮ್ಮ ತಾಯಿಯವರ ಆತ್ಮಕ್ಕೆ ಶಾಂತಿ ಸಿಗಲಿ. ನಿಮಗೂ ನಿಮ್ಮ ಮನೆಯವರಿಗೂ ದುಃಖ ತಡೆಯುವ ಶಕ್ತಿ ಸಿಗಲಿ.

ದುಃಖದ ಮನೆಯಲ್ಲಿ ಯಾರು ಬೇಕು, ಯಾರು ಬೇಡ ಎಂಬುದು ಮನೆಯವರಿಗೆ ಬಿಟ್ಟದ್ದು. ಅದನ್ನು ಹೊರಗಿನವರು ಅರ್ಥ ಮಾಡಿಕೊಳ್ಳಬೇಕು. ನಾನು ಅರ್ಥ ಮಾಡಿಕೊಂಡಿದ್ದೇನೆ.

ಈ ಸಲ ಪ್ರಶ್ನೆ ಇಲ್ಲ.

ಮಜಾಲ್


ಕಫರ್ ಜೈತ್
24 ಫೆಬ್ರವರಿ 1998

ಶ್ರೀಮತಿ ಮಜಾಲ್ ಅವರಿಗೆ,

ನಿಮ್ಮ ಕಾಗದ ಬಂತು. ಸಂತಾಪಕ್ಕೆ ವಂದನೆಗಳು.

ದುಃಖದ ಮನೆಯ ಬಗ್ಗೆ ನೀವು ಬರೆದದ್ದು ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡುತ್ತ ಕೂರುವಷ್ಟು ಬಿಡುವು ನನಗಿಲ್ಲ. ಮನೆಯಲ್ಲಿ ಬೇರೆ ತೊಂದರೆಗಳಿವೆ. ಅಮ್ಮ ಹೋದ ಆ ವಾರವೇ ಯಾರೋ ನಮ್ಮ ಗೇಟಿಗೆ ಕೆಟ್ಟದ್ದೊಂದನ್ನು ಕಟ್ಟಿ ಹೋಗಿದ್ದರು. ಅತ್ತಿಗೆ ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಕಾಗದಗಳನ್ನು ನಿಲ್ಲಿಸುವುದಾದರೆ ಗೀಲಾ ಅವರಿಗೆ ಇಬ್ಬರೂ ಬರೆದು ತಿಳಿಸಬೇಕಂತೆ. ನೀವು ಬರೆದರೆ ನಾನೂ ಬರೆಯುತ್ತೇನೆ.

ವಿಸಾಲ್


ಆಫುಲಾ
1 ಮಾರ್ಚ್ 1998

ವಿಸಾಲ್ ಅವರಿಗೆ,

ಗೀಲಾ ಅವರಿಗೆ ಬರೆಯಲು ಕೂತೆ. ಆಗಲಿಲ್ಲ. ನಿಮ್ಮ ಕಾಗದವನ್ನು ಮೂರು ದಿನದಿಂದ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಒಂದು ಸಾಲನ್ನು ಮಾತ್ರ ಮತ್ತೆ ಮತ್ತೆ ಓದುತ್ತೇನೆ.

ಪ್ರಶ್ನೆ: ಗೇಟಿಗೆ ಕಟ್ಟಿದ್ದೇನು?

ಮಜಾಲ್


ಕಫರ್ ಜೈತ್
5 ಮಾರ್ಚ್ 1998

ಮಜಾಲ್ ಅವರಿಗೆ,

ನಿಯಮ ನಿಯಮವೇ. ಕೇಳಿದ್ದೀರಿ, ಉತ್ತರ ಕೊಡುತ್ತೇನೆ.

ಮೊಟ್ಟೆಗಳು. ಹತ್ತು. ಬೇಯಿಸಿದ್ದು, ಸಿಪ್ಪೆಯೆಲ್ಲ ಸುಟ್ಟ ಇಟ್ಟಿಗೆಯಂತೆ ಕಂದು. ನೀಲಿ ಚೌಕಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಗೇಟಿನ ಚಿಲಕಕ್ಕೆ ತೂಗುಹಾಕಿದ್ದರು. ಗುರುವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಅತ್ತಿಗೆ ಅಂಗಳದಲ್ಲಿ ಕೂತು ದೇವರ ಹೆಸರು ಹೇಳುತ್ತಿದ್ದಳು. ಇಲ್ಲಿ ಮಾಟ ಮಾಡಿಸುವವರು ಮೊಟ್ಟೆಯನ್ನೇ ಹೊಸ್ತಿಲಿಗೆ ಇಡುವುದು. ನಾನು ಟೀಚರ್, ಇದನ್ನೆಲ್ಲ ನಂಬಬಾರದು. ಆದರೂ ಮುಟ್ಟಲಿಲ್ಲ. ಎದುರು ಮನೆಯ ಅಬೂ ರಾಜಿಯನ್ನು ಕೇಳಿದರೆ, “ಬಟ್ಟೆ ಮಾರೋ ಹೆಂಗ್ಸು ಬಂದಿದ್ಲು, ಎಲ್ಲ ಕೆಲಸಕ್ಕೆ ಹೋದ್ರು ಅಂದೆ, ಹೋದ್ಲು” ಎಂದ. ಅವನಿಗೆ ಏನು ಕೇಳಿಸಿತೋ ದೇವರಿಗೇ ಗೊತ್ತು. ಶೇಖ್ ಅವರನ್ನು ಕರೆಸಿ ಪ್ರಾರ್ಥನೆ ಓದಿಸಿದೆವು. ಅಣ್ಣ ಗಂಟನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗಿ ಆಲಿವ್ ತೋಟದ ಆಚೆ ಹೂತು ಬಂದ.

ಈಗ ನನ್ನ ಪ್ರಶ್ನೆ. ಬಿಡುವಿಲ್ಲ ಎಂದು ಬರೆದದ್ದು ಸುಳ್ಳು. ಮೂರೂ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ. ಜಾಗವಿಲ್ಲದೆ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಅತ್ತಿಗೆ ಎರಡು ಸಲ ಬಂದು, “ಯಾರಿಗೆ ಈ ಸಿಂಹಾಸನ?” ಎಂದಳು. ಅಮ್ಮ ನೋಡಬೇಕೆಂದಿದ್ದವಳಿಗೆ ಎಂದೆ. ಮೂರನೇ ದಿನ ಸಂಜೆ ಕುರ್ಚಿ ಮಡಿಚಿಟ್ಟೆ.

ಏಕೆ ಬರಲಿಲ್ಲ?

ವಿಸಾಲ್


ಆಫುಲಾ
9 ಮಾರ್ಚ್ 1998

ವಿಸಾಲ್,

ನಾನು ಬಂದಿದ್ದೆ. ಮೊಟ್ಟೆ ನನ್ನವು.

ನಮ್ಮ ವೇಷದ ಹಬ್ಬಕ್ಕೆ ಮಕ್ಕಳ ಕಿರೀಟ ಅಂಟಿಸುತ್ತ ಕೂತಿದ್ದಾಗ ನಿನ್ನ ಕಾಗದ ಬಂತು. ಓದಿ, ಕೈಯಲ್ಲಿದ್ದ ಗೋಂದಿನ ಡಬ್ಬಿ ಮಡಿಲಲ್ಲೇ ಚೆಲ್ಲಿಕೊಂಡೆ. ಎಲ್ಲಿಂದ ಹೇಳಲಿ. ನಮ್ಮಲ್ಲಿ ಸಾವಿಗೆ ಏಳು ದಿನ. ಸತ್ತವರ ಮಕ್ಕಳು ನೆಲದ ಮೇಲೆ ಕೂರುತ್ತಾರೆ, ಏಳು ದಿನವೂ ಕೆಲಸಕ್ಕೆ ಹೋಗುವುದಿಲ್ಲ, ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಬಂದವರು ಬಾಗಿಲು ತಟ್ಟುವುದೂ ಇಲ್ಲ. ಮೊದಲ ಮೂರು ದಿನ ಅಳುವುದಕ್ಕೆ. ಅದು ಹತ್ತಿರದ ರಕ್ತದವರದು, ಹೊರಗಿನವರು ಆಗ ನುಗ್ಗಬಾರದು. ಅದು ಮರ್ಯಾದೆಯಲ್ಲ. ನಾಲ್ಕನೇ ದಿನದಿಂದ ನಮ್ಮಂಥವರು ಹೋಗಬೇಕು. ‘ಮನೆ ತೆರೆದಿದೆ, ಬನ್ನಿ’ ಎಂದು ನೀನು ಬರೆದೆ. ಆವತ್ತೇ ಹೊರಟೆ, ಬೂಟು ಹಾಕಿಕೊಂಡೆ, ಮತ್ತೆ ಬಿಚ್ಚಿದೆ. ‘ಮಜಾಲ್, ದೊಡ್ಡವಳ ಥರ ನಡೆದುಕೋ, ಮೂರು ದಿನ ತಡೆದುಕೋ’ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಸಲವಾದರೂ ತಪ್ಪಿಲ್ಲದೆ ಮಾಡಬೇಕೆಂದು.

ದುಃಖದ ಮನೆಗೆ ನಾವು ಒಯ್ಯುವುದು ಮೊಟ್ಟೆ. ಮೊಟ್ಟೆ ಗುಂಡಗಿದೆ, ಅದಕ್ಕೆ ಬಾಯಿಲ್ಲ, ದುಃಖದವರಿಗೂ ಮಾತಿಲ್ಲ. ಬಾಗ್ದಾದಿನವರು ಅದನ್ನು ಈರುಳ್ಳಿ ಸಿಪ್ಪೆಯ ಜೊತೆ ಸಣ್ಣ ಉರಿಯಲ್ಲಿ ಸಂಜೆಯಿಂದ ಬೆಳಗಿನವರೆಗೆ ಬೇಯಿಸುತ್ತಾರೆ. ಅದಕ್ಕೇ ಆ ಬಣ್ಣ. ಅಮ್ಮನಿಗೆ ತಿನ್ನಿಸಲಾಗಲಿಲ್ಲ, ಮಗಳಿಗಾದರೂ ತಿನ್ನಿಸೋಣ ಎಂದು ಮಾಡಿದೆ.

ಗುರುವಾರ ಐದನೇ ದಿನ. ರಜೆ ಹಾಕಿ ಬಂದೆ. ಜಂಕ್ಷನ್‌ನಲ್ಲಿ ಇಳಿದು ನಡೆದೆ, ನಿನ್ನ ಅಣ್ಣನಿಗೆ ತೊಂದರೆ ಬೇಡವೆಂದು. ಗೇಟಿಗೆ ಬೀಗ. ಎದುರು ಮನೆಯ ಮುದುಕ, “ಎಲ್ಲ ಕೆಲಸಕ್ಕೆ ಹೋದ್ರು” ಎಂದ. ತಾಯಿ ಸತ್ತ ಐದನೇ ದಿನ ಮಗಳು ಕೆಲಸಕ್ಕೆ ಹೋಗುತ್ತಾಳೆಯೇ? ಹೋದಳು ಎಂದರೆ ಯಾರು ನಂಬುತ್ತಾರೆ? ಒಳಗೇ ಇದ್ದೀರಿ, ನನ್ನನ್ನು ಕಂಡು ಬೀಗ ಹಾಕಿಸಿದ್ದೀರಿ, ಮುದುಕನಿಗೆ ಹೇಳಿಕೊಟ್ಟಿದ್ದೀರಿ ಎಂದುಕೊಂಡೆ. ಪರದೆ ಅಲುಗಾಡಿದಂತೆಯೂ ಕಂಡಿತು. ಗಾಳಿಗಿರಬೇಕು. ಗಂಟನ್ನು ಚಿಲಕಕ್ಕೆ ಕಟ್ಟಿ ಮೂರು ಕಿಲೋಮೀಟರ್ ಅಳುತ್ತ ನಡೆದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಹೇಳದೆ ಮುಚ್ಚಲಾರೆ. ಹದಿನೇಳರ ಸಭೆಯಲ್ಲಿ ಜೆಹಾವಾ ಕೇಳಿದಳು, “ಹೋಗಿದ್ಯಾ?” “ಹೋಗಿದ್ದೆ. ಬೀಗ ಹಾಕಿತ್ತು” ಎಂದೆ. ಅಷ್ಟೇ ಎಂದದ್ದು. ಒಂದು ಮಾತೂ ಸುಳ್ಳಲ್ಲ. ಆದರೆ ಹೇಳಿದ ದನಿ ನನಗೆ ಗೊತ್ತು. ಕೇಳಿದವರಿಗೂ ಗೊತ್ತಾಯಿತು. ಒಂಬತ್ತು ಜನ ಅಲ್ಲೇ ಒಪ್ಪಿಗೆ ಚೀಟಿ ವಾಪಸು ತೆಗೆದುಕೊಂಡರು. ಹೊರಡುವಾಗ ಒಬ್ಬ ತಂದೆ ನನ್ನ ಭುಜ ತಟ್ಟಿ, “ಬುದ್ಧಿ ಕಲ್ತ್ಕೊಂಡ್ಯಲ್ಲ” ಎಂದ. ನಾನು ತಲೆ ಆಡಿಸಿದೆ, ವಿಸಾಲ್. ಅದೇ ನನ್ನನ್ನು ತಿನ್ನುತ್ತಿರುವುದು.

ನಿನ್ನ ಅತ್ತಿಗೆಗೆ ಹೇಳು, ಊಟ ಮಾಡಲಿ. ಅದು ಮಾಟವಲ್ಲ, ಆಯಾ ಬೇಯಿಸಿದ ಮೊಟ್ಟೆ.

ಪ್ರಶ್ನೆ: ತಡವಾಗಿ ಬಂದವರು ನಿಮ್ಮಲ್ಲಿ ಏನು ಮಾಡುತ್ತಾರೆ?

ಮಜಾಲ್


ಕಫರ್ ಜೈತ್
13 ಮಾರ್ಚ್ 1998, ಶುಕ್ರವಾರ

ಪ್ರಿಯ ಉಮ್ಮ್ ಶಿಮೋನ್,

ನಿಮ್ಮ ಕಾಗದವನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿದೆ. ಆಮೇಲೆ ಅತ್ತಿಗೆಯ ಬಾಯಿಂದ ಒಂದು ವಿಷಯ ಹೊರಗೆ ಬಂತು. ಅಣ್ಣ ಹೂತ ಮರುದಿನವೇ ಬೀದಿನಾಯಿಯೊಂದು ಅದನ್ನು ಕೆದರಿ ಹತ್ತೂ ಮೊಟ್ಟೆ ತಿಂದುಹಾಕಿತ್ತು. ನಾಯಿ ಯಾವಾಗ ಸಾಯುತ್ತದೆ ಎಂದು ಇವಳು ಒಂದು ವಾರ ಅದರ ಹಿಂದೆಯೇ ಕಣ್ಣಿಟ್ಟಿದ್ದಳಂತೆ. “ಸಾಯೋದಿರ್ಲಿ, ಈಗ ದಿನಾ ಬಂದು ಗೇಟ್ ಮುಂದೆ ಕೂತಿರುತ್ತೆ, ಇನ್ನೂ ಹಾಕ್ತಾರೇನೋ ಅಂತ” ಎಂದಳು. ಅಮ್ಮ ಹೋದ ಮೇಲೆ ಮೊದಲ ಸಲ ಈ ಮನೆಯಲ್ಲಿ ನಗು ಕೇಳಿಸಿತು. ಸಿಪ್ಪೆ ಒಡೆಯದೆ ಇಡೀ ರಾತ್ರಿ ಬೇಯುವುದು ಹೇಗೆ ಎಂದು ಅತ್ತಿಗೆ ಕೇಳುತ್ತಾಳೆ. ಅದು ಅವಳ ಪ್ರಶ್ನೆ, ನನ್ನ ಲೆಕ್ಕಕ್ಕಲ್ಲ.

ನಮ್ಮಲ್ಲಿ ಮೂರೇ ದಿನ. ಮೂರು ದಿನ ಮನೆ ತೆರೆದಿರುತ್ತದೆ, ಊರೆಲ್ಲ ಬಂದು ಕಹಿ ಕಾಫಿ ಕುಡಿದು ಹೋಗುತ್ತದೆ. ಆಮೇಲೆ ದುಃಖವನ್ನು ಎಳೆಯಬಾರದು. ನಾಲ್ಕನೇ ದಿನ ಕೆಲಸಕ್ಕೆ ಹೋಗಲೇಬೇಕು. ಐದನೇ ದಿನ ನಾನು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ. ‘ಮನೆ ತೆರೆದಿದೆ’ ಎಂದು ಬರೆದಾಗ ಎಷ್ಟು ದಿನ ಎಂದು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಮೂರು ದಿನ ಎಂಬುದು ಭೂಮಿಯ ಮೇಲೆ ಯಾರಿಗಾದರೂ ಗೊತ್ತಿಲ್ಲದೆ ಇರಬಹುದೆಂದು ಅಂದುಕೊಂಡಿರಲಿಲ್ಲ. ನಿಮ್ಮ ಕಡೆ ಏಳು ಎಂದು ನಾನು ಕೇಳಲೂ ಇಲ್ಲ. ಫ್ರಿಜ್ಜಿನ ಬಲ್ಬಿನ ಬಗ್ಗೆ ಕೇಳಿದೆವು, ಇದನ್ನು ಕೇಳಲಿಲ್ಲ.

ತಲೆ ಆಡಿಸಿದ ವಿಷಯ. ಅದಕ್ಕೆ ಬೇಸರವಿಲ್ಲ ಎಂದು ಬರೆದರೆ ಅದು ಮನೆಯಿಂದ ಬಂದ ಉತ್ತರವಾಗುವುದಿಲ್ಲ. ಬೇಸರವಿದೆ. ಆದರೆ ಆ ಒಂಬತ್ತು ಜನಕ್ಕೆ ನಾನು ಹೇಳಲಾರೆ. ನೀವೇ ಹೇಳಬೇಕು.

ನಿಮ್ಮ ಪ್ರಶ್ನೆಗೆ ಉತ್ತರ: ತಡವಾಗಿ ಬಂದವರು ನಲವತ್ತನೇ ದಿನ ಬರುತ್ತಾರೆ. ಗುರುವಾರ, ಹತ್ತೊಂಬತ್ತಕ್ಕೆ. ಬೆಳಿಗ್ಗೆ ಹತ್ತರಿಂದ ಸಂಜೆಯ ಪ್ರಾರ್ಥನೆಯವರೆಗೆ ಬಾಗಿಲು ತೆರೆದಿರುತ್ತದೆ. ಈ ಸಲ ಗಂಟೆ ಸಮೇತ ಬರೆದಿದ್ದೇನೆ. ಅಣ್ಣ ಕಾರು ತಂದು ಜಂಕ್ಷನ್‌ನಲ್ಲಿ ಹತ್ತು ಗಂಟೆಗೆ ನಿಂತಿರುತ್ತಾನೆ. ಕಾರಿನಲ್ಲಿ ನಾಲ್ಕು ಜನಕ್ಕೆ ಜಾಗವಿದೆ.

ಚಪ್ಪಲಿ ಬಾಗಿಲ ಎಡಗಡೆ. ಆ ಪ್ರಶ್ನೆ ಬಾಕಿ ಉಳಿದಿತ್ತು.

ವಿಸಾಲ್


ಕಫರ್ ಜೈತ್
20 ಮಾರ್ಚ್ 1998, ಶುಕ್ರವಾರ

ಪ್ರಿಯ ಉಮ್ಮ್ ಶಿಮೋನ್,

ನೀವು ಹೋದ ಮೇಲೂ ಮನೆಯಲ್ಲಿ ನಿಮ್ಮದೇ ಮಾತು. ಜೆಹಾವಾ ಅವರು ಬರುತ್ತಾರೆಂದು ನಾನು ನೆನೆಸಿರಲಿಲ್ಲ. ಕಹಿ ಕಾಫಿಯ ಮೊದಲ ಗುಟುಕಿಗೆ ಅವರ ಮುಖ ನೋಡಬೇಕಿತ್ತು. ಆದರೂ ಮೂರು ಬಟ್ಟಲು ಕುಡಿದರು, ಸಕ್ಕರೆ ಕೇಳಲಿಲ್ಲ. ಆಮೇಲೆ ಶಿಶುವಿಹಾರಕ್ಕೆ ಕರೆದುಕೊಂಡು ಹೋದಾಗ ಜಾರುಬಂಡೆ ಗಟ್ಟಿಯಿದೆಯೇ ಎಂದು ತಾವೇ ಹತ್ತಿ ಜಾರಿ ನೋಡಿದರು. ಅಬೂ ರಾಜಿ ಅದನ್ನು ಕಂಡು, “ಆ ಬಟ್ಟೆ ಮಾರೋಳ ಜೊತೆ ಬಂದಿರೋ ಈ ಹುಚ್ಚಿ ಯಾರು?” ಎಂದು ಅಣ್ಣನನ್ನು ಕೇಳಿದ.

ನೀವು ತಂದ ಮೊಟ್ಟೆಯನ್ನು ಅತ್ತಿಗೆ ಎಲ್ಲರಿಗಿಂತ ಮೊದಲು, ಎಲ್ಲರೆದುರು ಸುಲಿದು ತಿಂದಳು. ಒಂದನ್ನು ಗೇಟಿನ ನಾಯಿಗೂ ಹಾಕಿದಳು.

ಆ ಕುರ್ಚಿಯಲ್ಲಿ ನೀವು ತುದಿಯಲ್ಲಷ್ಟೇ ಕೂತಿರಿ, ಮುರಿದುಹೋಗುತ್ತದೇನೋ ಎಂಬಂತೆ. ಅಮ್ಮ ಇದ್ದಿದ್ದರೆ ಹೆಗಲು ಹಿಡಿದು ಹಿಂದಕ್ಕೆ ಒತ್ತಿ ಕೂರಿಸುತ್ತಿದ್ದಳು.

ಪ್ರಶ್ನೆ: ನಾನು ಕೊಟ್ಟ ಖರ್ಜೂರದ ಬಿಸ್ಕತ್ತನ್ನು ನೀವು ತಿನ್ನಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿರಿ. ನಾನು ನೋಡಿದೆ. ನಮ್ಮ ಒಲೆ, ನಮ್ಮ ಪಾತ್ರೆ, ಕೆಂಪು ಹಿಡಿ ನೀಲಿ ಹಿಡಿ ನಮ್ಮಲ್ಲಿಲ್ಲ ಎಂಬುದು ಗೊತ್ತು, ಏಕೆ ತಿನ್ನಲಿಲ್ಲ ಎಂದು ಕೇಳುತ್ತಿಲ್ಲ. ಯಾರಿಗೆ ಕೊಟ್ಟಿರಿ?

ವಿಸಾಲ್


ಆಫುಲಾ
24 ಮಾರ್ಚ್ 1998

ನನ್ನ ಕಣ್ಣೇ,

ನಿನ್ನೆ ಮತ್ತೆ ಪೋಷಕರನ್ನು ಕರೆಸಿದೆ. ನಾನು ಆಯಾ, ಸಭೆ ಕರೆಯುವವಳಲ್ಲ. ನಮ್ಮ ಟೀಚರ್ ಬೇಡವೆನ್ನಲಿಲ್ಲ. ನಿಂತುಕೊಂಡೇ ಹೇಳಿದೆ. “ಬೀಗ ಹಾಕಿತ್ತು ಅಂದೆ. ಹಾಕಿತ್ತು. ನಾನು ಹೋದ ದಿನ ತಪ್ಪು. ಅವಳು ಮೂರು ದಿನ ನನಗೆ ಅಂತ ಕುರ್ಚಿ ಹಿಡಿದಿಟ್ಟಿದ್ಲು, ನಾನು ಇಲ್ಲಿ ಮರ್ಯಾದೆ ಅಂತ ಕೂತಿದ್ದೆ. ಆವತ್ತು ಭುಜ ತಟ್ಟಿದವರು ಇದ್ದೀರಲ್ಲ, ಆ ತಟ್ಟಿದ್ದನ್ನ ವಾಪಸ್ ತಗೊಳ್ಳಿ.” ಜೆಹಾವಾ ಎದ್ದು, “ನಾನು ಜಾರುಬಂಡೆ ಜಾರಿ ನೋಡಿದ್ದೀನಿ, ಗಟ್ಟಿ ಇದೆ” ಎಂದು ಕೂತಳು. ಅಷ್ಟೇ ಅವಳ ಭಾಷಣ. ಒಂಬತ್ತರಲ್ಲಿ ಆರು ಜನ ಸಹಿ ಹಾಕಿದರು. ಮೂರು ಜನ ಹಾಕಲಿಲ್ಲ. ಭುಜ ತಟ್ಟಿದವನೂ ಹಾಕಲಿಲ್ಲ. ಅವನ ಮಗಳು ಚಮಚದ ಗಿಡಕ್ಕೆ ತಪ್ಪದೆ ನೀರು ಹಾಕುವವಳು. ಇಪ್ಪತ್ತೊಂದು ಮಕ್ಕಳು ಬರುತ್ತಾರೆ. ಉಳಿದ ಮೂವರ ಜೊತೆ ಆ ದಿನ ಇಲ್ಲಿ ಯಾರಿರುತ್ತಾರೆ ಎಂಬ ಚಿಂತೆ ಬೇರೆ.

ಅತ್ತಿಗೆಗೆ ಹೇಳು: ನೀರು ತಣ್ಣಗಿರುವಾಗಲೇ ಮೊಟ್ಟೆ ಇಡಬೇಕು, ಉರಿ ಕಾಣಿಸಲೇಬಾರದು.

ಈಗ ನಿನ್ನ ಪ್ರಶ್ನೆ. ಬಿಸ್ಕತ್ತನ್ನು ಎಸೆಯಲು ಮನಸ್ಸಾಗಲಿಲ್ಲ, ತಿನ್ನುವಂತೆಯೂ ಇರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ, ನಮ್ಮ ಪಾತ್ರೆಗಳಿಗೆ ತಾಗದಂತೆ, ಕರವಸ್ತ್ರದ ಮೇಲೇ ಇಟ್ಟೆ. ಶಿಮೋನ್ ಕೆಲಸದಿಂದ ಬಂದ. ನಾನು ಆ ಊರಿಗೆ ಹೋಗುವುದು ಅವನಿಗೆ ಮೊದಲಿನಿಂದ ಇಷ್ಟವಿಲ್ಲ, ನಾಲ್ಕು ದಿನದಿಂದ ಮಾತೂ ಕಡಿಮೆಯಾಗಿತ್ತು. ನಿಂತಲ್ಲೇ ಬಾಯಿಗೆ ಹಾಕಿಕೊಂಡ. ಅರ್ಧ ತಿಂದು, “ಇದು ನಿನ್ನ ಕೈದಲ್ಲ. ಯಾರ್ದು?” ಎಂದ. ನಿನ್ನ ಹೆಸರು ಹೇಳಿದೆ. ಉಳಿದರ್ಧ ನೋಡಿದ, ತಿಂದ, ಕರವಸ್ತ್ರ ಕೊಡವಿದ. “ಒಂದೇ ಒಂದಾ ಕೊಟ್ಟಿದ್ದು?” ಎಂದ.

ಇವತ್ತು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ, ನನ್ನ ಮುಖ ನೋಡದೆ, ಮೂವತ್ತೊಂದನೇ ತಾರೀಖು ಶಾಲೆಯ ಮಕ್ಕಳ ಬಸ್ಸಿಗೆ ಡಿಪೋದಲ್ಲಿ ತನ್ನ ಹೆಸರು ಕೊಟ್ಟಿರುವುದಾಗಿ ಹೇಳಿದ. ಬೇರೆ ಡ್ರೈವರುಗಳಾದರೆ ಜಂಕ್ಷನ್‌ನಲ್ಲೇ ಇಳಿಸಿ ಹೋಗುತ್ತಾರಂತೆ, ಮಕ್ಕಳಿಗೆ ಮೂರು ಕಿಲೋಮೀಟರ್ ನಡೆಯುವುದಕ್ಕಾಗುತ್ತದೆಯೇ ಎಂದ. “ಗಾಣದ ತನಕ ನಾನೇ ತರ್ತೀನಿ.”

ಆಗಿನಿಂದ ನನಗೆ ಹೊಸ ಚಿಂತೆ ಹತ್ತಿದೆ. ನಿಮ್ಮ ಬೀದಿಯನ್ನು ನಾನು ಎರಡು ಸಲ ನೋಡಿದ್ದೇನೆ, ಎರಡು ಸಲವೂ ಅತ್ತುಕೊಂಡೇ ನೋಡಿದ್ದು, ಅಗಲ ನೆನಪಿಲ್ಲ.

ಪ್ರಶ್ನೆ: ಗಾಣದ ಮುಂದೆ ಬಸ್ಸು ತಿರುಗಿಸಲು ಜಾಗ ಇದೆಯೇ?

ಉಮ್ಮ್ ಶಿಮೋನ್